ಬಿಳಿ ಬಟ್ಟೆಯ ತೊಟ್ಟಿ

ಬೀದಿಯವರೆಲ್ಲ ಅವನನ್ನು ಗಂಜಿಯಣ್ಣ ಎಂದೇ ಕರೆಯುತ್ತಿದ್ದರು. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರು ಕತ್ತು ಕೊಯ್ಯುವಷ್ಟು ಗಡುಸಾಗಿರುತ್ತಿತ್ತು. ಆ ಅಂಗಿ ತೊಟ್ಟವನು ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ನೋಡಿದವರಿಗೆ ಇವನ್ಯಾರೋ ದೊಡ್ಡ ಮನುಷ್ಯನೇ ಇರಬೇಕು ಅನ್ನಿಸುತ್ತಿತ್ತು. ಗಿರಾಕಿಗಳು ಬರುತ್ತಿದ್ದದ್ದೂ ಆ ಅನಿಸಿಕೆಗಾಗಿಯೇ. ಸ್ವತಃ ಗಂಜಿಯಣ್ಣ ಮಾತ್ರ ಕಾಲರಿಲ್ಲದ ಬನಿಯನ್ನಿನಲ್ಲೇ ದಿನ ಕಳೆಯುತ್ತಿದ್ದ. ತಾನು ಮಾರುವ ಸರಕನ್ನು ತಾನು ಬಳಸದಿರುವಷ್ಟು ಜಾಣತನ ಅವನಿಗಿತ್ತು.

ಅಂಗಡಿಯೆಂದರೆ ಒಂದರ ಹಿಂದೊಂದು ಮೂರು ಕೋಣೆ. ಮುಂದಿನದರಲ್ಲಿ ಕೌಂಟರು, ಇಸ್ತ್ರಿ ಮೇಜು, ಗೋಡೆಗೊಂದು ಕನ್ನಡಿ. ನಡುವಿನದರಲ್ಲಿ ಚೀಟಿ ಚುಚ್ಚಿದ ಗಂಟುಗಳ ಕಪಾಟು. ಹಿಂದಿನದು ಒಗೆಯುವ ಕೋಣೆ. ಅಲ್ಲಿ ಮೂರು ಸಿಮೆಂಟಿನ ತೊಟ್ಟಿ: ಬಣ್ಣದ್ದಕ್ಕೊಂದು, ಬಿಳಿಯದಕ್ಕೊಂದು, ಜಾಲಿಸುವುದಕ್ಕೊಂದು. ಮೇಲೆ ಸೂರಿನ ಹತ್ತಿರ ಒಂದು ಮೊಳದ ಗವಾಕ್ಷಿ ಇತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯ ಮಸಿ ಒದ್ದೆ ಬಟ್ಟೆಯ ಮೇಲೆ ಕೂರುತ್ತದೆ ಎಂದು ಅದಕ್ಕೆ ಗಂಜಿಯಣ್ಣನೇ ಪ್ಲಾಸ್ಟಿಕ್ ಹಾಳೆ ಬಡಿದಿದ್ದ. ಒಗೆತದ ವಾಸನೆ ಕೌಂಟರಿಗೆ ಬರಬಾರದೆಂದು ಬಾಗಿಲನ್ನೂ ಸದಾ ಎಳೆದುಕೊಂಡಿರಬೇಕಿತ್ತು. ಗಿರಾಕಿಗೆ ಇಸ್ತ್ರಿಯ ಬಿಸಿ ವಾಸನೆ ಇಷ್ಟ. ಅದರ ಹಿಂದಿನ ವಾಸನೆ ಯಾರಿಗೆ ಬೇಕು?

ಆ ಹಿಂದಿನ ಕೋಣೆಯಲ್ಲಿ ಇದ್ದವಳು ಅವನ ಹೆಂಡತಿ. ಇಪ್ಪತ್ತಾರು ವರ್ಷದಿಂದ. ಅವಳು ಒಗೆದಳು, ಇವನು ಮಾತಾಡಿದ. ಅಂಗಡಿ ನಡೆಯಲು ಎರಡೂ ಬೇಕಿತ್ತು, ಆದರೆ ಮಾತಿನಿಂದ ಕೈಯ ಚರ್ಮ ಸುಲಿಯುವುದಿಲ್ಲ.

ಅವಳ ಕೈ ಸುಲಿದಿತ್ತು. ಸೋಡಾ, ಪುಡಿ, ಬ್ಲೀಚು ಮೂರೂ ಸೇರಿ ಬೆರಳ ತುದಿಯ ಗೆರೆಗಳನ್ನೇ ಒಗೆದುಹಾಕಿದ್ದವು. ಒಮ್ಮೆ ಯಾವುದೋ ಸರ್ಕಾರಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಲು ಹೋದಾಗ ಯಂತ್ರ ಅವಳನ್ನು ಗುರುತಿಸಲೇ ಇಲ್ಲ. ಗುಮಾಸ್ತ ನಾಲ್ಕು ಸಲ ಒತ್ತಿಸಿ, "ಏನಮ್ಮಾ, ನೀವು ಇದೀರೋ ಇಲ್ವೋ?" ಎಂದಿದ್ದ. ಮನೆಗೆ ಬಂದು ಅವಳು ಆ ಮಾತನ್ನು ನಗುತ್ತಲೇ ಹೇಳಿದಳು. ಗಂಜಿಯಣ್ಣನೂ ನಕ್ಕ. ಚಳಿ ಬಂದರೆ ಆ ಕೈ ಸಂದುಸಂದಿಗೂ ಬಿರಿದು ರಕ್ತ ಬರುತ್ತಿತ್ತು. ಉಪ್ಪಿನ ಡಬ್ಬಿಗೆ ಕೈ ಹಾಕಲಾರದೆ ಚಮಚ ಬಳಸುತ್ತಿದ್ದಳು. ರಬ್ಬರ್ ಕೈಗವಸು ತಂದುಕೊಟ್ಟಿದ್ದಾಯಿತು. ಮಣಿಕಟ್ಟಿನಿಂದ ನೀರು ಒಳಗಿಳಿದು, ಬ್ಲೀಚಿನ ನೀರಿನಲ್ಲೇ ಕೈ ನೆನೆಹಾಕಿದಂತಾಗಿ, ಮೊದಲಿನದೇ ವಾಸಿ ಎನಿಸಿತು.

ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು ಹೇಳಿದರು: "ನೋಡೀಮ್ಮ, ಬೆಳಿಗ್ಗೆ ನನ್ನ ಮುಲಾಮು, ಮಧ್ಯಾಹ್ನ ನಿಮ್ಮ ಬ್ಲೀಚು ಅಂದ್ರೆ ನಾವಿಬ್ರೂ ಜಗಳ ಆಡ್ತಾ ಇದ್ದ ಹಾಗೆ. ನಿಮ್ಮ ಕೈ ನಡುವೆ ಸಿಕ್ಕಿ ಸಾಯುತ್ತೆ. ಒಂದು, ಕೆಲಸ ಬಿಡಿ. ಇಲ್ಲಾ ಸಾಮಾನು ಬದಲಾಯಿಸಿ."

ಕೆಲಸ ಬಿಡುವ ಮಾತು ಬರುವಂತಿರಲಿಲ್ಲ. ಆ ದಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತ ಕೂತಿದ್ದಾಗ ಅವಳು ಅಲ್ಲಿದ್ದ ಹಳೆಯ ಪತ್ರಿಕೆಯೊಂದರ ಹಾಳೆಯನ್ನು ಸದ್ದಾಗದಂತೆ ಹರಿದುಕೊಂಡಳು. ಹುಟ್ಟಿದ ಮೇಲೆ ಅವಳು ಮಾಡಿದ ಕಳ್ಳತನ ಅದೊಂದೇ. ಹಾಳೆಯಲ್ಲಿ ಅಂಟುವಾಳದ ಕಾಯಿಯಿಂದ ಬಟ್ಟೆ ಒಗೆಯುವ ಬಗೆ ಇತ್ತು: ಬೀಜ ತೆಗೆಯುವುದು, ಸಿಪ್ಪೆ ರಾತ್ರಿಯಿಡೀ ನೆನೆಸುವುದು, ಕುದಿಸಿ ಸೋಸುವುದು. ಬಟ್ಟೆಯಲ್ಲಿ ಸೋಪಿನ ಅಂಶ ಉಳಿಯಬಾರದೆಂದರೆ ಕೊನೆಗೆ ಹುಳಿ ನೀರಲ್ಲಿ ಜಾಲಿಸಿ ಎಂದೂ ಇತ್ತು.

ಗಂಜಿಯಣ್ಣ ಮೊದಲು ಮೂಗು ಮುರಿದ. "ಇದೇನೇ, ಬಟ್ಟೆ ಒಗೀತೀಯೋ ಕಷಾಯ ಮಾಡ್ತೀಯೋ?"

"ನಿಮಗೇನು ಕುಡಿ ಅಂತಿಲ್ಲ" ಎಂದಳು ಅವಳು. "ಎರಡು ತಿಂಗಳು ಬಿಡಿ. ಕೈ ವಾಸಿಯಾಗದಿದ್ರೆ ಮತ್ತೆ ಬ್ಲೀಚಿಗೇ ಇಳೀತೀನಿ."

ಎರಡು ತಿಂಗಳು ಬೇಕಾಗಲಿಲ್ಲ. ಆರನೆಯ ವಾರಕ್ಕೆ ಬಿರುಕುಗಳು ಕೂಡಿಕೊಂಡವು. ಒಂದು ಬೆಳಿಗ್ಗೆ ಅವಳು ಉಪ್ಪಿನ ಡಬ್ಬಿಗೆ ಬರಿಗೈ ಹಾಕಿ, ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟು, ಉರಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಬಾಗಿಲಲ್ಲಿ ನಿಂತು ಅದನ್ನು ನೋಡಿದ ಗಂಜಿಯಣ್ಣನಿಗೆ ಒಳಗೆ ಏನೋ ಹಗುರಾಯಿತು. ಕೂಡಲೇ ಅವನೊಳಗಿನ ವ್ಯಾಪಾರಿಯೂ ಎದ್ದು ಕೂತ. ಆ ವಾರವೇ ಬೋರ್ಡು ಬರೆಸಿದ: 'ಇಲ್ಲಿ ಶುದ್ಧ ಅಂಟುವಾಳದಲ್ಲಿ ಮಾತ್ರ ಒಗೆಯಲಾಗುವುದು. ಕೂಸಿನ ಚರ್ಮಕ್ಕೂ ಹಿತ.' ಕೂಸಿನ ಸಾಲು ಅವನದೇ ಸ್ವಂತ ಕಲ್ಪನೆ. ಯಾವ ಕೂಸನ್ನೂ ಕೇಳಿರಲಿಲ್ಲ.

ಬೋರ್ಡು ಕೆಲಸ ಮಾಡಿತು. ಕೂಸಿರುವವರೇ ಬಂದರು. ಮೇಲಿನ ಬೀದಿಯ ಹೊಲಿಗೆಯವಳು, ಏಳು ತಿಂಗಳ ಮಗುವನ್ನು ಎದೆಗೆ ಕಟ್ಟಿಕೊಂಡು, ಮಗುವಿನ ಬಿಳಿ ಬಟ್ಟೆಗಳ ಗಂಟು ತಂದಳು. ಮಗುವಿನ ತೊಡೆ ಸಂದು, ಕತ್ತು ಎಲ್ಲ ಕೆಂಪಗೆ ದದ್ದು ಎದ್ದಿತ್ತು. ಯಾವ ಪುಡಿಯಲ್ಲಿ ಒಗೆದರೂ ಹಾಗೇ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವವಳು ಕಾಯಿ ಕುದಿಸುವುದು ಯಾವಾಗ? ಹಿಂದಿನ ಕೋಣೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಬಂದು, "ಕೊಡಿ, ಇದನ್ನ ನಾನೇ ಬೇರೆ ಮಾಡಿ ಒಗೀತೀನಿ" ಎಂದಳು. ಮೂರು ವಾರಕ್ಕೆ ಮಗುವಿನ ಕತ್ತು ತಿಳಿಯಾಯಿತು. ಹೊಲಿಗೆಯವಳು ಇವಳನ್ನು ಅಕ್ಕ ಎನ್ನತೊಡಗಿದಳು.

ಆದರೆ ಅಂಗಡಿಯ ಅನ್ನ ಇದ್ದದ್ದು ಕೂಸಿನ ಬಟ್ಟೆಯಲ್ಲಲ್ಲ, ಲಾಡ್ಜಿನ ಹಾಸುಬಟ್ಟೆಯಲ್ಲಿ. ಅಂಟುವಾಳ ಕೊಳೆ ತೆಗೆಯುತ್ತದೆ, ಬಿಳುಪು ಕೊಡುವುದಿಲ್ಲ. ಒಗೆದಷ್ಟೂ ಹಾಸುಬಟ್ಟೆಗಳು ಚಹಾದ ಹಬೆ ತಾಕಿದಂತೆ ಮಂಕಾದವು. ಲಾಡ್ಜಿನ ಮ್ಯಾನೇಜರು ಒಂದನ್ನು ಕಿಟಕಿಗೆ ಹಿಡಿದು ನೋಡಿದ.

"ಗಂಜಿಯಣ್ಣ, ಇದು ಶುದ್ಧವಾಗಿದೆ ಅಂತೀಯ?"

"ಶುದ್ಧ ಅಂದ್ರೆ ಶುದ್ಧ ಸಾರ್. ಒಂದು ತೊಟ್ಟು ಕೆಮಿಕಲ್ ಇಲ್ಲ."

"ನನ್ನ ಗಿರಾಕಿ ಮಲಗೋಕೆ ಮುಂಚೆ ಕೆಮಿಕಲ್ ಇದೆಯಾ ಅಂತ ಮೂಸಿ ನೋಡಲ್ಲಪ್ಪ. ಹಿಂದಿನವನು ಏನು ಮಾಡಿ ಹೋದ ಅಂತ ನೋಡ್ತಾನೆ. ಬೆಳ್ಳಗಿದ್ರೆ ಮಲಗ್ತಾನೆ. ಮುಂದಿನ ತಿಂಗಳು ಹೀಗೇ ಬಂದ್ರೆ ಮಷಿನ್ ಲಾಂಡ್ರಿಯವನಿಗೆ ಕೊಡ್ತೀನಿ. ಅವನು ದಿನಾ ಬಂದು ಬೆಣ್ಣೆ ಹಚ್ತಿದ್ದಾನೆ."

ದಾರಿಯುದ್ದಕ್ಕೂ ಗಂಜಿಯಣ್ಣ ಲೆಕ್ಕ ಹಾಕಿದ. ಹೆಂಡತಿಗೆ ಹೇಳಿದರೆ ಅವಳು ಒಂದು ಮಾತೂ ಆಡದೆ ಬ್ಲೀಚಿನ ಕ್ಯಾನು ತೆಗೆಯುತ್ತಾಳೆ, ಕೈ ಮತ್ತೆ ಬಿರಿಯುತ್ತದೆ, ಅದನ್ನು ನೋಡಲಾಗದು. ಹೇಳದೆ ತಾನೇ ಒಂದೆರಡು ಮಗ್ಗು ಹಾಕಿಬಿಟ್ಟರೆ ಲಾಡ್ಜೂ ಉಳಿಯುತ್ತದೆ, ಬೋರ್ಡೂ ಉಳಿಯುತ್ತದೆ, ಅವಳ ಮನಸ್ಸಿಗೂ ನೋವಿಲ್ಲ. ಬ್ಲೀಚು ಹೆಂಡತಿಯ ಕೈಗೆ ತಾಕುವುದು ಅವಳಿಗೆ ಗೊತ್ತಿದ್ದಾಗ ಮಾತ್ರ ಎನ್ನುವಂತಿತ್ತು ಅವನ ಲೆಕ್ಕ. ಜಾಣರು ಎಡವುವುದು ಇಂಥ ಕಡೆಯೇ.

ಬಿಳಿ ಬಟ್ಟೆಯನ್ನು ಅವಳು ಹಿಂದಿನ ಸಂಜೆಯೇ ಅಂಟುವಾಳದ ನೀರಿನಲ್ಲಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಆರಕ್ಕೆ, ಅವಳು ಮನೆಯಲ್ಲಿ ಒಲೆಯ ಮುಂದಿರುವಾಗ, ಗಂಜಿಯಣ್ಣ ಅಂಗಡಿ ಬಾಗಿಲು ತೆಗೆದು, ಇಸ್ತ್ರಿ ಮೇಜಿನ ಕೆಳಗೆ ಗೋಣಿ ಮುಚ್ಚಿದ್ದ ಕ್ಯಾನಿನಿಂದ ಎರಡು ಮಗ್ಗು ಬಿಳಿ ತೊಟ್ಟಿಗೆ ಸುರಿದು, ಕೋಲಿನಿಂದ ಕಲಕಿ, ಕೈ ತೊಳೆದುಕೊಂಡು, ಕನ್ನಡಿಯಲ್ಲಿ ಮುಖ ನೋಡಿಕೊಂಡು ಕೌಂಟರಿಗೆ ಬರುತ್ತಿದ್ದ.

ಮೂರನೆಯ ದಿನವೇ ಅವಳು ಕೇಳಿದಳು. "ರೀ, ಒಳಗೆ ಬ್ಲೀಚು ವಾಸನೆ ಬರ್ತಿದೆಯಲ್ಲ?"

ಗಂಜಿಯಣ್ಣನ ನಾಲಿಗೆಯಲ್ಲಿ ಉತ್ತರ ಸಿದ್ಧವಿತ್ತು. ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತಲೂ ಇಲ್ಲ. "ನಲ್ಲಿ ನೀರಿಂದು ಅದು. ನೀರು ಬಿಡೋರು ಕ್ಲೋರಿನ್ ಜಾಸ್ತಿ ಸುರೀತಿದ್ದಾರಂತೆ. ಊರಿಗೆಲ್ಲ ಅದೇ ಗೋಳು."

"ಅದಕ್ಕೇ ಇರಬೇಕು" ಎಂದಳು ಅವಳು. ನಂಬಿದಳು. ನಂಬಿದ್ದಲ್ಲದೆ ಬೀದಿಯ ಹೆಂಗಸರಿಗೂ ಹೇಳಿದಳು. ಮೂರ್ನಾಲ್ಕು ಜನ ಕುಡಿಯುವ ನೀರನ್ನು ಕುದಿಸತೊಡಗಿದರು. ಗಂಡನ ಸುಳ್ಳು ಹೀಗೆ ನಾಲ್ಕು ಮನೆಯ ಒಲೆ ಉರಿಸಿತು.

ಹಾಸುಬಟ್ಟೆ ಬೆಳ್ಳಗಾಯಿತು. ಮ್ಯಾನೇಜರು ಹುಬ್ಬು ಹಾರಿಸಿ, "ಪರವಾಗಿಲ್ಲ ಕಣಯ್ಯ ನಿನ್ನ ಕಾಯಿ" ಎಂದ. ಮನೆಗೆ ಬಂದು ಈ ಹೊಗಳಿಕೆಯನ್ನು ಹೇಳಿದಾಗ ಹೆಂಡತಿಯ ಮುಖ ಅರಳಿತು. ತನ್ನ ಕೈಗುಣ ಕುದುರಿತು ಎಂದುಕೊಂಡಳು. ಅಂಟುವಾಳವನ್ನು ಈಗ ಇನ್ನೂ ಶ್ರದ್ಧೆಯಿಂದ ಸೋಸತೊಡಗಿದಳು.

ಎರಡು ತಿಂಗಳಿಗೆ ಕೈ ಮತ್ತೆ ಬಿರಿಯಿತು. ಜೊತೆಗೆ ಒಣಕೆಮ್ಮು. ಕಾಯಿ ಪುಡಿ ಮಾಡುವಾಗ ಧೂಳು ಮೂಗಿಗೆ ಹೋಗಿ ಸೀನು ಬರುವುದು ಮಾಮೂಲು. ಕೆಮ್ಮಿಗೂ ಅದೇ ಕಾರಣವೆಂದು ಗಂಜಿಯಣ್ಣ ತೀರ್ಪು ಕೊಟ್ಟ. ಕೈಯ ಬಗ್ಗೆ ಅವನು ಯಾವ ತೀರ್ಪೂ ಕೊಡಲಿಲ್ಲ. ಒಂದು ಸಂಜೆ ಅವಳು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅಂಗೈ ಎರಡನ್ನೂ ಮಡಿಲಲ್ಲಿ ತೆರೆದಿಟ್ಟುಕೊಂಡಳು.

"ನನ್ನ ಕೈಗೆ ಅದೂ ಆಗಿಬರಲಿಲ್ಲ ನೋಡಿ" ಎಂದಳು. "ಇಡೀ ಜಗತ್ತಿಗೆ ಒಗ್ಗೋ ಕಾಯಿ, ನನಗೆ ಒಗ್ಗಲಿಲ್ಲ."

ಆಗ ಹೇಳಬಹುದಿತ್ತು. ಬೀದಿ ಖಾಲಿಯಿತ್ತು, ಇಸ್ತ್ರಿ ಆರಿತ್ತು, ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಜಿಯಣ್ಣ ಬಾಯಿ ತೆರೆದ, ಬಂದ ಮಾತು ಮಾತ್ರ, "ಮುಲಾಮು ಮುಗಿದಿದ್ಯಾ? ನಾಳೆ ತರ್ತೀನಿ" ಎಂಬುದಾಗಿತ್ತು.

ಅದಾಗಿ ಒಂದು ತಿಂಗಳಿಗೆ ಹೊಲಿಗೆಯವಳು ಬಂದಳು. ಮಗುವಿನ ಅಂಗಿ ಸರಿಸಿ ಕತ್ತು ತೋರಿಸಿದಳು. ಮೊದಲಿಗಿಂತ ಹೆಚ್ಚಾಗಿತ್ತು, ಕೆರೆದು ಕೆರೆದು ಒಸರುತ್ತಿತ್ತು.

"ನಿಮ್ಮ ಮೇಲೆ ಅನುಮಾನ ಪಟ್ಟು ಬಂದಿಲ್ಲ ಅಣ್ಣ" ಎಂದಳು, ಹೇಳಿಕೊಳ್ಳಲು ತಾನೇ ನಾಚಿಕೊಂಡವಳಂತೆ. "ನೀವು ಕೆಮಿಕಲ್ ಮುಟ್ಟಲ್ಲ ಅಂತ ನನಗೆ ಗೊತ್ತು. ಬೇರೆ ಏನಾದ್ರೂ ಇರಬಹುದಾ ಅಂತ ಅಕ್ಕನ್ನ ಕೇಳೋಣ ಅಂತ."

ಮಗುವಿನ ಬಟ್ಟೆಯನ್ನು ಹೆಂಡತಿ ಬೇರೆ ಬಕೆಟ್ಟಿನಲ್ಲೇ ಒಗೆಯುತ್ತಿದ್ದದ್ದು ನಿಜ. ಆದರೆ ಈಚೆಗೆ ಕೈ ಬಿರಿದ ಮೇಲೆ ಎರಡೆರಡು ಸಲ ನೀರು ಮುಟ್ಟಲಾರದೆ ಅದನ್ನೂ ಬಿಳಿ ತೊಟ್ಟಿಗೇ ಹಾಕುತ್ತಿದ್ದಳು. ಅಂಟುವಾಳ ತಾನೇ, ಎರಡೂ ಒಂದೇ. ಗಂಜಿಯಣ್ಣನಿಗೆ ಅದು ಆ ಗಳಿಗೆಯವರೆಗೂ ಗೊತ್ತಿರಲಿಲ್ಲ. ಹೆಂಡತಿ ಹೊರಬಂದು ಹೊಲಿಗೆಯವಳಿಗೆ ಹಾಗೆಂದಾಗಲೇ ತಿಳಿದದ್ದು. ಆದರೂ ಅವನ ಬಾಯಿ ಹಳೆಯ ಅಭ್ಯಾಸದಂತೆ ನಡೆದೇ ನಡೆಯಿತು. "ನೀರಿಂದು ತಂಗಿ. ಬರೀ ಕ್ಲೋರಿನ್ನು. ನಾವೇನು ಮಾಡೋಕಾಗುತ್ತೆ?"

ಹೆಂಡತಿ ಮಗುವಿನ ಕತ್ತನ್ನು ನೋಡುತ್ತ ನಿಂತಿದ್ದಳು. "ನೀರಿಗೂ ಏನಾದ್ರೂ ಮಾಡಲೇಬೇಕು" ಎಂದಳು. "ಶುಕ್ರವಾರ ಬನ್ನಿ ನೀವು. ಅಷ್ಟರಲ್ಲಿ ನೋಡ್ತೀನಿ."

ಅವಳು ನೋಡಿದ್ದು ಕದ್ದು ತಂದ ಹಾಳೆಯನ್ನು. ಹುಳಿ ನೀರಿನ ಸಾಲನ್ನು ಬೆರಳಿಟ್ಟು ಓದಿದಳು. ನೀರಿನ ದೋಷವೇ ಕಾರಣವಾದರೆ ಹುಳಿ ಅದನ್ನು ಮುರಿಯಬೇಕು. ಅಡುಗೆಯಲ್ಲಿ ಒಂದು ರುಚಿ ಹೆಚ್ಚಾದರೆ ಇನ್ನೊಂದರಿಂದ ಮುರಿಯುವ ಹಾಗೆ. ಬಟ್ಟೆಯನ್ನು ಕೊನೆಗೆ ಜಾಲಿಸುವುದೇಕೆ, ತೊಟ್ಟಿಯ ನೀರಿಗೇ ಹಾಕಿಬಿಟ್ಟರೆ ಆಯಿತು. ದಿನಸಿ ಅಂಗಡಿಯಿಂದ ನಿಂಬೆ ಉಪ್ಪು ತಂದಳು, ಸಕ್ಕರೆಯಂತೆ ಕಾಣುವ ಹುಳಿ ಹರಳು, ಒಂದು ಕಿಲೋ. ಹಣ್ಣಿನ ಹುಳಿ, ಬಾಯಿಗೆ ಹಾಕಿಕೊಳ್ಳುವಂಥದ್ದು. ಇದರಿಂದ ಯಾರಿಗೆ ಏನಾದೀತು?

ಗುರುವಾರ ಸಂಜೆ ಗಂಡನಿಗೆ ಹೇಳಿಯೂ ಹೇಳಿದಳು. "ರೀ, ನಾಳೆ ಬಿಳಿ ತೊಟ್ಟಿಗೆ ನಿಂಬೆ ಉಪ್ಪು ಹಾಕ್ತೀನಿ. ನೀರಿನ ಕ್ಲೋರಿನ್ ಹೋಗುತ್ತೆ."

ಗಂಜಿಯಣ್ಣ ಯಾರದೋ ತೋಳಿನ ಮಡಿಕೆ ಸರಿಮಾಡುತ್ತಿದ್ದ. "ಹೂಂ, ಹಾಕು" ಎಂದ. ಮಾತು ಅವನ ಕಿವಿಗೆ ಬಿತ್ತು, ತಲೆಗೆ ಏರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಹಿಂದಿನ ಕೋಣೆಯಿಂದ ಬಂದ ಮಾತಿಗೆಲ್ಲ ಅವನು ಕೊಟ್ಟಿದ್ದು ಅದೇ ಹೂಂ.

ಆ ಸಂಜೆ ಲಾಡ್ಜಿನಿಂದ ಬಂದು ನೆನೆಬಿದ್ದದ್ದು ದೊಡ್ಡ ಹೊರೆ. ಯಾವುದೋ ಆಟಗಾರರ ತಂಡ ಇಳಿದುಹೋಗಿತ್ತು. ಬಟ್ಟೆಯ ಮೇಲೆ ಮಣ್ಣು, ಎಣ್ಣೆ, ಇನ್ನೂ ಏನೇನೋ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಗಂಜಿಯಣ್ಣ ಎರಡು ಮಗ್ಗು ಅಳೆಯಲು ಹೋಗಲಿಲ್ಲ, ಕ್ಯಾನನ್ನೇ ಬಗ್ಗಿಸಿದ. ಅರ್ಧ ಕ್ಯಾನು ಹೋಯಿತು. ಕಣ್ಣು ಉರಿಯಿತು. ಬಾಗಿಲು ಎಳೆದುಕೊಂಡು ಬಂದುಬಿಟ್ಟ.

ಒಂಬತ್ತು ಗಂಟೆಗೆ ಹೆಂಡತಿ ಒಂದು ಬಕೆಟ್ ಬಿಸಿನೀರಿನಲ್ಲಿ ನಿಂಬೆ ಉಪ್ಪು ಪೂರ್ತಿ ಕರಗಿಸಿಕೊಂಡು ಅವನ ಮುಂದೆಯೇ ಒಳಗೆ ಹೋದಳು. ಅವನು ನೋಡಿದ. ಬಿಸಿನೀರು ಅಂದುಕೊಂಡ. ಅಷ್ಟರಲ್ಲಿ ಹೊಲಿಗೆಯವಳು ಬಂದಳು, ಹೇಳಿದಂತೆ ಶುಕ್ರವಾರಕ್ಕೆ ಸರಿಯಾಗಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು.

"ಅಕ್ಕ ಏನೋ ಮಾಡ್ತೀನಿ ಅಂದಿದ್ರಲ್ಲ ಅಣ್ಣ?"

"ಮಾಡ್ತಾಳೆ, ಮಾಡ್ತಾಳೆ. ಅವಳ ಕೈಲಿ ಇರೋದು ಶುದ್ಧ ಕಾಯಿ ತಂಗಿ. ಈಗಿನ ಕಾಲದಲ್ಲಿ ಯಾರು ಅಷ್ಟು ಕಷ್ಟಪಡ್ತಾರೆ ಹೇಳು. ಬೇರೆಯವರು ಹೊರಗೆ ಬೋರ್ಡು ಹಾಕ್ಕೊಂಡು ಒಳಗೆ..."

ಒಳಗೆ ಬಕೆಟ್ಟು ಉರುಳಿದ ಸದ್ದಾಯಿತು. ಆಮೇಲೆ ಕೆಮ್ಮು, ನಡುವೆ ಉಸಿರಿಗೆ ಎಡೆಯಿಲ್ಲದ, ಒಂದರ ಮೇಲೊಂದು ಬೀಳುವ ಕೆಮ್ಮು. ಗಂಜಿಯಣ್ಣ ನಡುವಿನ ಕೋಣೆ ದಾಟಿ ಬಾಗಿಲು ತಳ್ಳಿದ. ಗಾಳಿ ಮುಖಕ್ಕೆ ಚಾಟಿಯಂತೆ ಹೊಡೆಯಿತು. ತೊಟ್ಟಿಯ ಮೇಲೆ ಹಳದಿ ಹಸಿರು ಮಬ್ಬು ಕೂತಿತ್ತು. ಅವಳು ಮೊಣಕಾಲೂರಿ, ಮಗುವಿನ ಒಂದು ಒದ್ದೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು, ಬಾಗಿಲು ಯಾವ ದಿಕ್ಕಿಗಿದೆ ಎಂದು ಕೈಯಿಂದ ಗೋಡೆ ತಡವುತ್ತಿದ್ದಳು. ಅವನು ಉಸಿರು ಹಿಡಿದು ಅವಳ ತೋಳಿಗೆ ಕೈ ಹಾಕಿ ಎಳೆದ. ಎಳೆಯುವಾಗಲೇ ಹಿಂದಿನ ಸಂಜೆಯ ಮಾತು, ಒಂದು ರಾತ್ರಿ ತಡವಾಗಿ, ಅವನ ತಲೆಗೆ ಏರಿತು. ನಿಂಬೆ ಉಪ್ಪು. ಬಿಳಿ ತೊಟ್ಟಿಗೆ.

ಗಾಡಿ ಕರೆದವಳು ಹೊಲಿಗೆಯವಳು. ಆಸ್ಪತ್ರೆಯವರೆಗೂ ಅಕ್ಕನ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡು ಕೂತವಳೂ ಅವಳೇ.

ಆಸ್ಪತ್ರೆಯಲ್ಲಿ ಮೂಗುಬಾಯಿಗೆ ಆಕ್ಸಿಜನ್ ಹಾಕಿದರು. ಕಣ್ಣು ತೊಳೆದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಎದೆಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿ, ಇವರ ಕಡೆ ತಿರುಗಿದರು. "ಏನು ಉಸಿರಾಡಿದ್ದು ಇವರು?"

"ಏನೂ ಇರಲಿಲ್ಲ ಡಾಕ್ಟ್ರೇ" ಎಂದಳು ಹೊಲಿಗೆಯವಳು. "ಅಲ್ಲಿ ಬರೀ ಅಂಟುವಾಳ. ನನ್ನ ಮಗೂ ಬಟ್ಟೇನೂ ಅಲ್ಲೇ ಒಗೆಯೋದು."

ಹಾಸಿಗೆಯ ಮೇಲಿದ್ದವಳು ಮುಖದ ಕವಚವನ್ನು ಬೆರಳಿನಿಂದ ಸರಿಸಿದಳು. "ನಿಂಬೆ ಉಪ್ಪು" ಎಂದಳು. ಉಸಿರೆಳೆದುಕೊಂಡಳು. "ನಾನೇ ಹಾಕಿದ್ದು. ತಪ್ಪು ನಂದೇ."

"ನಿಂಬೆ ಉಪ್ಪಿಗೂ ಅಂಟುವಾಳಕ್ಕೂ ಹೀಗಾಗಲ್ಲ" ಎಂದರು ಡಾಕ್ಟರಮ್ಮ, ಕವಚವನ್ನು ಮತ್ತೆ ಸರಿಮಾಡಿ. "ಬ್ಲೀಚ್ ಇತ್ತಾ ಅದರಲ್ಲಿ?"

ಈಗ ಮೂವರೂ ಗಂಜಿಯಣ್ಣನನ್ನು ನೋಡಿದರು. ಒಬ್ಬರದು ಪ್ರಶ್ನೆ. ಇನ್ನಿಬ್ಬರದು ಪ್ರಶ್ನೆಯೂ ಅಲ್ಲ. ಇಲ್ಲ ಎಂದು ಅವನು ಹೇಳುತ್ತಾನೆ ಎಂಬ ನೆಮ್ಮದಿ.

"ನೀರಲ್ಲಿ ಕ್ಲೋರಿನ್ ಜಾಸ್ತಿ ಮೇಡಂ" ಎಂದ.

"ನಲ್ಲಿ ನೀರಿಗೆ ಹೀಗಾಗೋ ಹಾಗಿದ್ರೆ ಇಡೀ ಊರೇ ಈಗ ಈ ವಾರ್ಡಲ್ಲಿ ಮಲಗಿರಬೇಕಿತ್ತು" ಎಂದರು ಡಾಕ್ಟರಮ್ಮ. ದನಿ ಏರಿಸಲಿಲ್ಲ. "ಕೇಳಿ ಇಲ್ಲಿ. ಬ್ಲೀಚಿಗೆ ಹುಳಿ ಬಿದ್ರೆ ವಿಷದ ಗಾಳಿ ಏಳುತ್ತೆ. ಈಗ ಸ್ವಲ್ಪ ಸುಧಾರಿಸಿದ ಹಾಗೆ ಕಾಣ್ತಾರೆ, ಆದರೆ ಇಂಥದ್ದರಲ್ಲಿ ಎಷ್ಟೋ ಗಂಟೆ ಆದಮೇಲೂ ಶ್ವಾಸಕೋಶಕ್ಕೆ ನೀರು ಇಳೀಬಹುದು. ಇವರನ್ನ ಇವತ್ತು ಮನೆಗೆ ಕಳಿಸ್ಬೇಕೋ ಒಳಗೆ ಇಟ್ಕೋಬೇಕೋ ಅನ್ನೋದು ನಿಮ್ಮ ಮಾತಿನ ಮೇಲಿದೆ. ಇತ್ತಾ ಇಲ್ವಾ, ಎಷ್ಟಿತ್ತು?"

ಮಾತಿನಿಂದ ಬದುಕಿದವನಿಗೆ ಎರಡು ಶಬ್ದ ಹೊರಡಿಸಲು ಒಂದು ಅಂಗಿಯ ಕಾಲರು ಇಸ್ತ್ರಿಯಾಗುವಷ್ಟು ಹೊತ್ತು ಬೇಕಾಯಿತು.

"ಅರ್ಧ ಕ್ಯಾನು."

ಡಾಕ್ಟರಮ್ಮ ಬರೆದುಕೊಂಡರು, ನರ್ಸಿಗೆ ಏನೋ ಹೇಳಿದರು, ಹೋದರು. ಅವರಿಗೆ ಬೇಕಾದದ್ದು ಅಷ್ಟೇ. ಉಳಿದದ್ದನ್ನು ಕೇಳಿದವಳು ಹೊಲಿಗೆಯವಳು.

"ಇವತ್ತು ಮಾತ್ರಾನಾ?"

"ಅಲ್ಲ."

"ಯಾವಾಗಿಂದ ಅಣ್ಣ?"

"ನಾಲ್ಕು ತಿಂಗಳಾಯ್ತು."

ಅವಳು ಮನಸ್ಸಿನಲ್ಲೇ ಏನನ್ನೋ ಹಿಂದಕ್ಕೆ ಎಣಿಸುತ್ತಿರುವುದು ಅವಳ ಮುಖದಲ್ಲಿ ಕಂಡಿತು. ಬೈಯಲಿಲ್ಲ. ಬೈದಿದ್ದರೆ ಗಂಜಿಯಣ್ಣನ ಬಳಿ ಉತ್ತರಗಳಿದ್ದವು: ಲಾಡ್ಜು, ಮಷಿನ್ ಲಾಂಡ್ರಿ, ಬಿಳುಪು. ಅವಳು ಹಾಸಿಗೆಯ ಪಕ್ಕಕ್ಕೆ ಹೋಗಿ, "ಅಕ್ಕ, ನಾನು ಬರ್ತೀನಿ. ಮಗು ಎದ್ದಿರುತ್ತೆ" ಎಂದು ಇವಳ ಕಾಲನ್ನು ಹೊದಿಕೆಯ ಮೇಲಿಂದ ಒಮ್ಮೆ ಒತ್ತಿದಳು. ಬಾಗಿಲ ಹತ್ತಿರ ನಿಂತು, ಅವನತ್ತ ನೋಡದೆ ಹೇಳಿದಳು: "ತೊಟ್ಟೀಲಿ ಇರೋ ಮಗೂ ಬಟ್ಟೆ ಎಸೆದುಬಿಡಿ. ನಾನು ತಗೊಂಡು ಹೋಗೋಕೆ ಬರಲ್ಲ."

ಹೆಂಡತಿ ಛಾವಣಿ ನೋಡುತ್ತ ಮಲಗಿದ್ದಳು. ಕವಚದ ಒಳಗೆ ಹಬೆ ಮೂಡುತ್ತಿತ್ತು, ಆರುತ್ತಿತ್ತು. ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಅವಳ ಕೈ ಹಿಡಿಯಲು ಹೋದವನು, ಆ ಬಿರುಕುಗಳನ್ನು ನೋಡಿ, ಹಿಡಿದರೆ ನೋಯುತ್ತದೆ ಎಂದು ನೆನಪಾಗಿ, ತನ್ನ ಕೈಯನ್ನು ತನ್ನ ಮಡಿಲಿಗೇ ತಂದುಕೊಂಡ.

ಡಾಕ್ಟರಮ್ಮ ಹೇಳಿದಂತೆಯೇ ಅಂದೇ ಶ್ವಾಸಕೋಶಕ್ಕೆ ನೀರು ಇಳಿಯಿತು. ಒಳಗೇ ಇದ್ದುದರಿಂದ ಉಳಿದಳು. ಹನ್ನೊಂದನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ ಉಸಿರಿನೊಂದಿಗೆ ಎಳೆದುಕೊಳ್ಳುವ ಮದ್ದಿನ ಒಂದು ಇನ್‌ಹೇಲರು ಕೊಟ್ಟು, ಹಬೆ, ಹೊಗೆ, ಪುಡಿ, ಯಾವ ಘಾಟೂ ಇನ್ನು ಮುಂದೆ ಆಗದು ಎಂದರು. ಎಷ್ಟು ದಿನ ಎಂದು ಗಂಜಿಯಣ್ಣ ಕೇಳಿದ. ಅವರು ದಿನದ ಲೆಕ್ಕ ಹೇಳಲಿಲ್ಲ. "ಬ್ಲೀಚಿಗೆ ನೀರು ಬಿಟ್ಟು ಬೇರೆ ಏನನ್ನೂ ಸೇರಿಸಬೇಡಿ" ಎಂದರು. "ಹುಳಿ ಬೇಡ, ಕಕ್ಕಸು ತೊಳೆಯೋ ಆಸಿಡ್ ಬೇಡ, ಇನ್ನೊಂದು ಕಂಪನಿ ಪುಡೀನೂ ಬೇಡ. ಹಣ್ಣಿಂದ ಬಂದಿದ್ದು, ಕಾಯಿಂದ ಬಂದಿದ್ದು ಅಂತ ಧೈರ್ಯ ಮಾಡಬೇಡಿ. ತೊಟ್ಟೀಲಿ ಏನಿದೆ ಅಂತ ಕೈ ಹಾಕೋರಿಗೆ ಗೊತ್ತಿರಬೇಕು. ಅಷ್ಟೇ."

ಅವನು ಬೋರ್ಡು ಇಳಿಸಿದ. ಗವಾಕ್ಷಿಯ ಪ್ಲಾಸ್ಟಿಕ್ ಕಿತ್ತುಹಾಕಿದ. ಸಾಲದೆಂದು ಗೋಡೆ ಒಡೆಸಿ ಕಿಟಕಿ ಇಡಿಸಿದ. ವೆಲ್ಡಿಂಗ್ ಅಂಗಡಿಯ ಮಸಿ ಬಂದು ಬಟ್ಟೆಯ ಮೇಲೆ ಕೂತರೆ ಮತ್ತೆ ಜಾಲಿಸಿದ. ಒಗೆಯುವ ಕೆಲಸ ಈಗ ಅವನದೇ. ಮೊದಲ ವಾರಕ್ಕೇ ಬೆರಳ ಸಂದು ಉರಿಯತೊಡಗಿತು. ಅದನ್ನು ಯಾರಿಗಾದರೂ ಹೇಳಿಕೊಳ್ಳುವ ಹಕ್ಕು ತನಗಿಲ್ಲ ಎಂಬಷ್ಟು ವಿವೇಕ ಅವನಿಗಿತ್ತು.

ಒಂದು ಮಧ್ಯಾಹ್ನ ಅವಳಿಗೆ ಚಹಾ ತಂದುಕೊಟ್ಟು, ಎದುರಿಗೆ ನಿಂತು, ಅವನು ಮಾತು ತೆಗೆದ. "ಲಾಡ್ಜು ಕೈ ಬಿಟ್ರೆ ಅಂಗಡಿ ಮುಚ್ಚಬೇಕಾಗ್ತಿತ್ತು ಕಣೆ. ನಿನಗೆ ಹೇಳಿದ್ರೆ ನೊಂದ್ಕೋತೀಯ ಅಂತ..."

ಅವಳು ಎರಡು ಗುಟುಕು ಕುಡಿದು ಲೋಟ ಇಟ್ಟಳು. ಮಾತಾಡುವ ಮೊದಲು ಉಸಿರು ಕೂಡಿಸಿಕೊಳ್ಳುವುದನ್ನು ಅವಳು ಆಗಲೇ ಕಲಿತಿದ್ದಳು.

"ಹೇಳಿದ್ದಿದ್ರೆ ನಾನೇ ಬ್ಲೀಚು ಹಾಕ್ತಿದ್ದೆ" ಎಂದಳು. "ಅಷ್ಟು ವರ್ಷ ಹಾಕಿರಲಿಲ್ವಾ? ಕೈ ತಾನೇ, ಹೋಗ್ತಿತ್ತು." ಮತ್ತೆ ಉಸಿರು ಕೂಡಿಸಿಕೊಂಡಳು. "ಹೇಳಿದ್ದಿದ್ರೆ ಹುಳಿ ಹಾಕ್ತಿರಲಿಲ್ಲ. ಆ ಮಗೂ ಬಟ್ಟೇನ ಆ ತೊಟ್ಟಿಗೆ ಹಾಕ್ತಿರಲಿಲ್ಲ. ನನ್ನ ಬಾಯಲ್ಲಿ ಅವಳಿಗೆ ಸುಳ್ಳು ಹೇಳಿಸಿದ್ರಿ ನೀವು."

ಅವಳು ಅದರ ಬಗ್ಗೆ ಆಡಿದ ಮಾತು ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಊಟ ಬಡಿಸುತ್ತಾಳೆ, ಬೇಕಾದ್ದನ್ನು ಕೇಳುತ್ತಾಳೆ. ಅವನು ಹೇಳಿದ್ದಕ್ಕೆಲ್ಲ "ಹೂಂ" ಎನ್ನುತ್ತಾಳೆ.

ಮನೆಯಲ್ಲಿ ಕೂತರೆ ಉಸಿರು ಇನ್ನೂ ಕಟ್ಟುತ್ತದೆ ಎಂದು ಅವಳು ಅಂಗಡಿಗೆ ಬರುತ್ತಾಳೆ. ಇಸ್ತ್ರಿಗೆಂದು ಬೇರೊಬ್ಬರನ್ನು ಇಟ್ಟು, ಮೇಜನ್ನು ಪಕ್ಕದ ಮಳಿಗೆಗೆ ಸಾಗಿಸಿಯಾಗಿದೆ. ಕೌಂಟರಿನಲ್ಲಿ ಅವಳು ಕೂರುತ್ತಾಳೆ. ಗಂಟು ಹಿಡಿದು ಬಂದ ಪ್ರತಿಯೊಬ್ಬರಿಗೂ, ಹಳಬರಿರಲಿ ಹೊಸಬರಿರಲಿ, ಚೀಟಿ ಬರೆಯುವ ಮೊದಲು ಅವಳು ಒಂದು ಮಾತು ಹೇಳುತ್ತಾಳೆ. ಯಾರೂ ಹೇಳು ಎಂದದ್ದಲ್ಲ. "ಬಣ್ಣದ್ದಕ್ಕೆ ಅಂಟುವಾಳ ಹಾಕ್ತೀವಿ. ಬಿಳಿಯದಕ್ಕೆ ಬ್ಲೀಚು ಹಾಕ್ತಾರೆ. ಬ್ಲೀಚು ಬೇಡ ಅಂದ್ರೆ ಈಗಲೇ ಹೇಳಿ. ಬೆಳ್ಳಗೆ ಆಗಲ್ಲ."

ಲಾಡ್ಜಿನವನು ಕೇಳಿ ನಗುತ್ತಾನೆ, ಬ್ಲೀಚೇ ಇರಲಿ ಎನ್ನುತ್ತಾನೆ. ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೂಸಿರುವವರು ಗಂಟು ಎತ್ತಿಕೊಂಡು ಹೋಗುತ್ತಾರೆ. ಹೊಲಿಗೆಯವಳು ಬೀದಿಯ ಆ ಬದಿಯಿಂದಲೇ ನಡೆಯುತ್ತಾಳೆ. ಇವಳನ್ನು ಕಂಡರೆ ತಲೆಯಾಡಿಸುತ್ತಾಳೆ, ದಾಟಿ ಬರುವುದಿಲ್ಲ.

ಬಿಳಿ ತೊಟ್ಟಿಯ ಕೆಲಸ ಅವಳು ಬರುವ ಮೊದಲೇ ಮುಗಿದಿರುತ್ತದೆ, ಹಾಗಾಗಿ ಹಿಂದಿನ ಕೋಣೆಯ ಬಾಗಿಲು ಈಗ ತೆರೆದೇ ಇರುತ್ತದೆ. ಮುಂದೆ ಗಿರಾಕಿಯ ಹೆಜ್ಜೆ ಸದ್ದು ಕೇಳಿದರೆ ಗಂಜಿಯಣ್ಣ ನಲ್ಲಿ ನಿಲ್ಲಿಸುತ್ತಾನೆ, ತೊಟ್ಟಿಯಲ್ಲಿ ಕೈಯಿಟ್ಟವನು ಹಾಗೇ ನಿಲ್ಲುತ್ತಾನೆ. ಅವಳು ಶುರುಮಾಡುತ್ತಾಳೆ. ಬ್ಲೀಚು ಎಂಬಲ್ಲಿಗೆ ಬರುವಾಗ ಉಸಿರು ಸೋಲುತ್ತದೆ, ನಿಲ್ಲಿಸುತ್ತಾಳೆ. ಗಿರಾಕಿ ಕಾಯುತ್ತಾನೆ, ಒಳಗೆ ಇವನೂ ಕಾಯುತ್ತಾನೆ. ಕೊನೆಗೆ ಮಾತು ಮುಂದುವರಿದು ಮುಗಿಯುತ್ತದೆ. ಒಂದೇ ಉಸಿರಿನಲ್ಲಿ ಅದು ಮುಗಿದದ್ದನ್ನು ಅವನು ಇನ್ನೂ ಕೇಳಿಲ್ಲ.